ಕೈಕೊಡದ ಪಿಸ್ತೂಲು

ಬಂದೇನವಾಜ್ ಮಿಸ್ತ್ರಿಗೆ ಇದ್ದದ್ದು ಒಂದೇ ಒಂದು ಸೊಕ್ಕು. ಇನ್ನೊಂದನ್ನು ಇಟ್ಟುಕೊಳ್ಳಲು ಆ ಖೋಲಿಯಲ್ಲಿ ಜಾಗವೂ ಇರಲಿಲ್ಲ ಬಿಡಿ. ಚಿತ್ತಾಪುರದ ಕೋರ್ಟಿನ ಎದುರು ಅರ್ಜಿ ಬರೆಯುವವರ ಸಾಲು ಮುಗಿಯುವಲ್ಲಿ, ಹಾಸುಗಲ್ಲಿನ ಮಾಡಿನ ಕೆಳಗೆ, ಎರಡು ಹೊರಸು ಹಾಕಿದರೆ ತುಂಬಿಹೋಗುವಷ್ಟು ಅಂಗಡಿ. ಒಂದು ಮೇಜು, ಉಕ್ಕು ಉಜ್ಜುವ ನಾಲ್ಕಾರು ಅರ, ಬಂದೂಕು ನಿಲ್ಲಿಸುವ ಕಟ್ಟಿಗೆಯ ಚೌಕಟ್ಟು, ಅದರ ಮೇಲೆ ಗಾಜು ಒಡೆದ ಫ್ರೇಮಿನಲ್ಲಿ ಸರಕಾರದ ಪರವಾನಗಿ. ನಿಜಾಮನ ಕಾಲದಲ್ಲಿ ಶಸ್ತ್ರಾಗಾರದಲ್ಲಿ ಕೆಲಸ ಕಲಿತವನು, ಆ ಕಾಲ ಮುಗಿದ ಮೇಲೆ ಇಪ್ಪತ್ತೈದು ವರ್ಷ ಇದೇ ಖೋಲಿಯಲ್ಲಿ ಕುಳಿತು ಸೇಡಮಿನ ಪಾಟೀಲರ ಜೋಡುನಳಿಗೆಯನ್ನೂ, ಹೊಲ ಕಾಯುವವರ ಹಂದಿ ಹೊಡೆಯುವ ಬಂದೂಕನ್ನೂ ಬಿಚ್ಚಿ ಒರೆಸಿ ಜೋಡಿಸಿ ಕೊಟ್ಟಿದ್ದ. ಅವನ ಸೊಕ್ಕು ಏನೆಂದರೆ, ತನ್ನ ಕೈಯಿಂದ ಹೋದ ಹತ್ಯಾರ ಇದುವರೆಗೂ ಒಬ್ಬರಿಗೂ ಕೈಕೊಟ್ಟಿಲ್ಲ ಎಂಬುದು. ಚಹಾ ಕುಡಿಯುವಾಗ ಹೇಳುತ್ತಿದ್ದ, ಬೀಡಿ ಸೇದುವಾಗ ಹೇಳುತ್ತಿದ್ದ, ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಮಜಾ ಅಂದರೆ ಅದು ಸುಳ್ಳಾಗಿರಲಿಲ್ಲ.

ಎಪ್ಪತ್ನಾಲ್ಕರ ಶ್ರಾವಣದಲ್ಲಿ, ಕೋರ್ಟಿಗೆ ರಜೆ ಇದ್ದ ಒಂದು ಮಧ್ಯಾಹ್ನ, ಆ ಅಂಗಡಿಯ ಮೆಟ್ಟಿಲ ಮೇಲೆ ಗುರುಲಿಂಗಯ್ಯ ಬಂದು ನಿಂತ. ಹಣೆ ತುಂಬ ವಿಭೂತಿ, ಮೊಣಕೈ ಸವೆದ ಕಂದು ಕೋಟು, ಕಂಕುಳಲ್ಲಿ ಛತ್ರಿ. ಶಹಾಬಾದದ ಒಂದು ಕಲ್ಲು ಗಣಿಯಲ್ಲಿ ಗುಮಾಸ್ತ, ಮನೆ ವಾಡಿಯಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುವವನು. ಕೋಟಿನ ಒಳಜೇಬಿನಿಂದ ಅವನು ತೆಗೆದದ್ದು ಹೊಸ ಲೈಸನ್ಸ್ ಪುಸ್ತಕ. ರಾಜ್ಯದ ಹೆಸರು ಬದಲಾಗಿ ವರ್ಷ ಆಗುತ್ತ ಬಂದಿದ್ದರೂ ಪುಸ್ತಕದ ಮೇಲೆ ಇನ್ನೂ ಮೈಸೂರು ಅಂತಲೇ ಅಚ್ಚಾಗಿತ್ತು. ಒಂದು ಪಿಸ್ತೂಲು, ಇಪ್ಪತ್ತೈದು ಕಾಡತೂಸು.

ಮಿಸ್ತ್ರಿ ಪುಸ್ತಕ ನೋಡಿದ, ಹಣೆಯ ವಿಭೂತಿ ನೋಡಿದ, ಮತ್ತೆ ಪುಸ್ತಕ ನೋಡಿದ.

"ಅಯ್ಯನೋರೆ, ನಿಮಗ್ಯಾಕ್ರಿ ಇದು? ಮಠಕ್ಕ ಹೋಗೋ ಮಂದಿ ನೀವು."

"ಸಾಕ್ಷಿ ಹೇಳಾಂವ ಇದ್ದೀನಿ," ಎಂದ ಗುರುಲಿಂಗಯ್ಯ. "ಪೀರಪ್ಪನ ಖೂನಿಂದು."

ಮಿಸ್ತ್ರಿ ಪುಸ್ತಕವನ್ನು ಮೇಜಿನ ಮೇಲಿಟ್ಟ. ಪೀರಪ್ಪನ ಹೆಸರು ಗೊತ್ತಿಲ್ಲದವರು ಆ ಸೀಮೆಯಲ್ಲಿ ಇರಲಿಲ್ಲ. ಕಲ್ಲು ಒಡೆಯುವವನು. ಇವತ್ತೋ ನಾಳೆಯೋ ಕುಸಿಯುವ ಗಣಿಯೊಳಗೆ ಹೆಣ್ಣಾಳುಗಳನ್ನು ಇಳಿಸಬೇಡಿ ಅಂತ ಅಡ್ಡ ನಿಂತಿದ್ದಕ್ಕೆ ಗುತ್ತೇದಾರನ ಮಂದಿ ಅವನನ್ನು ಹಾಡುಹಗಲೇ ಕೊಡಲಿಯಿಂದ ಕಡಿದು ಅದೇ ಗಣಿಯೊಳಗೆ ಬೀಳಿಸಿದ್ದರು. ನೋಡಿದವರು ಮೂವತ್ತು ಜನ. ಕಣ್ಣಿತ್ತು ಅಂತ ಒಪ್ಪಿಕೊಂಡವನು ಒಬ್ಬನೇ, ಆಫೀಸಿನ ಕಿಟಕಿಯಲ್ಲಿ ಕುಳಿತಿದ್ದ ಈ ಗುಮಾಸ್ತ. ಗುಲಬರ್ಗಾದಲ್ಲಿ ವಿಚಾರಣೆ ಡಿಸೆಂಬರಿಗೆ ನಿಗದಿಯಾಗಿತ್ತು. ಅಲ್ಲಿಯತನಕ ಅವನು ಜೀವಂತ ಇರಬೇಕಿತ್ತು, ಅಷ್ಟೇ. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಇರಲಿಲ್ಲ.

"ಎರಡು ಸಲ ಹಾದ್ಯಾಗ ನಿಂದ್ರಿಸಿ ಹೇಳ್ಯಾರ," ಎಂದ. "ಮೂರನೇ ಸಲ ಹೇಳಂಗಿಲ್ಲ ಅಂದಾರ. ನನಗ ಇದರಾಗ ಏನೂ ತಿಳಿಯಂಗಿಲ್ಲ ಮಿಸ್ತ್ರಿ. ಎಮ್ಮಿ ಮಾರಿ ಬಂದೀನಿ. ಅಷ್ಟರಾಗ ಬರೋದು, ಕೈಕೊಡಲಾರದ್ದು, ಒಂದು ಆರಿಸಿ ಕೊಡ್ರಿ."

ಎಮ್ಮೆಯ ದುಡ್ಡಿನಲ್ಲಿ ಪಿಸ್ತೂಲು! ವಿಲಾಯತಿಯಿಂದ ಮಾಲು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು; ಇದ್ದದ್ದೆಲ್ಲ ಹಳೆಯದು, ಸತ್ತವರದು, ಮುದುಕರದು. ಆದರೂ ಮಿಸ್ತ್ರಿಗೆ ಆ ಮಾತು ಹಿಡಿಸಿತು. ಕೈಕೊಡಲಾರದ್ದು ಅಂತ ಕೇಳಿಕೊಂಡು ಬಂದವನಿಗೆ ಇಲ್ಲ ಅನ್ನಲು ಅವನ ಸೊಕ್ಕು ಬಿಡಬೇಕಲ್ಲ.

"ಕುಂದ್ರಿ," ಎಂದ. "ಚಹಾ ತರಸ್ತೀನಿ."

ಮೊದಲು ಅವರು ನೋಡಿದ್ದು ಶಹಾಬಾದದಲ್ಲಿ, ಅಂಬರಾಯ ಎಂಬ ದಲ್ಲಾಳಿ ತಂದದ್ದು. ಯಾರೋ ಜಾಗೀರದಾರನ ಮನೆಯ ಮಾಲಂತೆ. ಬೆಳ್ಳಿಯ ಹಾಗೆ ಹೊಳೆಯುವ ಲೇಪ, ಹಿಡಿಕೆಗೆ ದಂತದ ಬಿಲ್ಲೆ, ಬಳ್ಳಿ ಕೆತ್ತನೆ. ರೇಷ್ಮೆ ವಸ್ತ್ರ ಬಿಚ್ಚಿ ತೋರಿಸಿದಾಗ ಗುರುಲಿಂಗಯ್ಯನ ಕಣ್ಣು ಅಲ್ಲೇ ಅಂಟಿತು. ಎಮ್ಮೆಯ ದುಡ್ಡಿನಲ್ಲಿ ಬಂದು ಇನ್ನೂ ಮಿಗುತ್ತಿತ್ತು ಕೂಡ. ಮಿಸ್ತ್ರಿ ಅದರ ಮೇಲಿನ ಉಕ್ಕಿನ ಹೊದಿಕೆಯನ್ನು, ಅದಕ್ಕೆ ಸ್ಲೈಡು ಅನ್ನುತ್ತಾರೆ, ಹಿಂದಕ್ಕೆ ಎಳೆದು ಅಲ್ಲಾಡಿಸಿದ. ಅದು ಮುದುಕನ ಹಲ್ಲಿನಂತೆ ಆಚೀಚೆ ಆಡಿತು.

"ಅಂಬರಾಯಪ್ಪ, ಇದನ್ನ ಮದಿವಿ ಮೆರವಣಿಗ್ಯಾಗ ಹಿಡೀಲಿಕ್ಕ ಕೊಡು. ಛಂದ ಕಾಣ್ತದ."

"ಯಾಕ ಮಿಸ್ತ್ರಿ, ನಡದೇ ನಡೀತದ!"

"ನಡೀತದ. ಎರಡು ಗುಂಡು ನಡೀತದ. ಮೂರನೇದು ಇಂವನ ಹೆಂಡ್ತಿ ಹಣಿಬರಾ ನೋಡ್ಕೊಂಡು ನಡೀತದ."

ಹೊರಗೆ ಬಂದ ಮೇಲೆ ಗುರುಲಿಂಗಯ್ಯ ರಿವಾಲ್ವರ್ ಆಗುವುದಿಲ್ಲವೇ ಎಂದು ಕೇಳಿದ. ಅದು ಭರೋಸೆಯದು ಅಂತ ಯಾರೋ ಹೇಳಿದ್ದರಂತೆ. ಮಿಸ್ತ್ರಿ ಅವನ ಕೋಟನ್ನು ಮೇಲಿನಿಂದ ಕೆಳಗೆ ನೋಡಿದ.

"ಅದರ ಹೊಟ್ಟಿ ದಪ್ಪ ಇರ್ತದರಿ. ನಿಮ್ಮ ಜೇಬಿನ್ಯಾಗ ಬದನಿಕಾಯಿ ಇಟ್ಟಂಗ ಕಾಣ್ತದ. ಮತ್ತ ಅದರ ಕಿಮ್ಮತ್ತಿಗೆ ನಿಮ್ಮ ಎಮ್ಮಿ ಜೋಡಿ ಅದರ ಕರಾನೂ ಮಾರಬೇಕು. ನಿಮಗ ಬೇಕಾದದ್ದು ಹಳೇ ನಮೂನಿದು, ಚಪ್ಪಟಿ, ಕಪ್ಪಂದು. ನೋಡಿದ್ರ ಯಾರೂ ಆಸಿ ಪಡಬಾರದು ಅಂಥಾದ್ದು. ಚಿಂಚೋಳ್ಯಾಗ ಒಂದು ಅದ. ಅದರ ಮಾಲಕ ಕೊಡ್ತಾನೋ ಇಲ್ಲೋ, ಅದು ಬ್ಯಾರೆ ಮಾತು."

ಮರುದಿನ ಇಬ್ಬರೂ ಬಸ್ಸು ಹಿಡಿದರು. ಸೇಡಂನಲ್ಲಿ ಬಸ್ಸು ಬದಲಿಸಿ, ಸುಲೇಪೇಟದಲ್ಲಿ ಸಂತೆಯ ಕೋಳಿ ಬುಟ್ಟಿಗಳ ನಡುವೆ ಒತ್ತಿಸಿಕೊಂಡು, ಚಿಂಚೋಳಿ ಮುಟ್ಟುವಾಗ ಹೊತ್ತು ವಾಲಿತ್ತು. ದಾರಿಯುದ್ದಕ್ಕೂ ಗುರುಲಿಂಗಯ್ಯ ಕಿಟಕಿಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕುಳಿತಿದ್ದ. ಬಸ್ಸು ಹತ್ತಿದ ಪ್ರತಿಯೊಬ್ಬನ ಕೈಯನ್ನು ಮೊದಲು ನೋಡುತ್ತಿದ್ದ, ಮುಖವನ್ನು ಆಮೇಲೆ. ಮಿಸ್ತ್ರಿ ಇಷ್ಟು ವರ್ಷ ಹತ್ಯಾರ ರಿಪೇರಿ ಮಾಡಿದ್ದನೇ ಹೊರತು ಒಬ್ಬ ಮನುಷ್ಯನ ಅಂಜಿಕೆಯ ಪಕ್ಕದಲ್ಲಿ ಹಿಂಗೆ ಇಡೀ ದಿನ ಕುಳಿತಿರಲಿಲ್ಲ.

ಪಿಸ್ತೂಲಿನ ಮಾಲಕ ಹಣಮಂತರಾಯ, ಕಾಡಿನ ಇಲಾಖೆಯಿಂದ ನಿವೃತ್ತನಾದ ರೇಂಜರು. ಈಗ ಕಣ್ಣಿಗೆ ಪೊರೆ, ಕೈಗೆ ನಡುಕ. ಆದರೂ ಪಿಸ್ತೂಲನ್ನು ತಾನೇ ಎದ್ದು ತಂದ. ಬೆಲ್ಜಿಯಂ ಮಾಲು, ಚರ್ಮದ ಚೀಲದಲ್ಲಿಟ್ಟು ತೆಗೆದು ತೆಗೆದು ಮೂಲೆಗಳಲ್ಲಿ ಕಪ್ಪು ಹೋಗಿ ಉಕ್ಕು ಬೆಳ್ಳಗೆ ಕಾಣುತ್ತಿತ್ತು. ನೋಡಿದರೆ ಯಾರೂ ಆಸೆ ಪಡುವಂಥದ್ದಲ್ಲ, ಮಿಸ್ತ್ರಿ ಹೇಳಿದ ಹಾಗೇ.

ಮಿಸ್ತ್ರಿ ಅಂಗಳದ ಬೆಳಕಿಗೆ ಹೋಗಿ ಕುಳಿತು ಅದನ್ನು ಪೂರಾ ಬಿಚ್ಚಿದ. ನಳಿಗೆಯ ಬುಡಕ್ಕೆ ಬಿಳಿ ಕಾಗದದ ಚೂರು ಹಿಡಿದು ತುದಿಯಿಂದ ಇಣುಕಿದ. ಗುಂಡನ್ನು ನೆಟ್ಟಗೆ ಒಯ್ಯುವ ಸುರುಳಿ ಗೀರುಗಳು ಒಂದೂ ಅಳಿಯದೆ ಇದ್ದವು. ಸ್ಪ್ರಿಂಗನ್ನು ಉಗುರಿನಿಂದ ಒತ್ತಿ ಬಿಟ್ಟ. ಗುಂಡು ತುಂಬುವ ಮ್ಯಾಗ್ಜಿನ್ನಿನ ಬಾಯಿಯ ಎರಡೂ ತುಟಿಗಳನ್ನು ಬೆರಳಿನಿಂದ ಸವರಿದ, ಯಾಕೆಂದರೆ ಆ ತುಟಿ ಸೊಟ್ಟಗಾದರೆ ಗುಂಡು ಮೇಲೇರುವುದಿಲ್ಲ. ಜೋಡಿಸಿ, ಸ್ಲೈಡನ್ನು ಹಿಂದಕ್ಕೆ ಎಳೆದು ಬಿಟ್ಟ. ಟಕ್ ಎಂದು ಬಂದು ಕೂತಿತು. ಇನ್ನೊಮ್ಮೆ ಎಳೆದ. ಮೂವತ್ತು ಸಲ ಎಳೆದ. ಮೂವತ್ತೂ ಸಲ ಅದೇ ಟಕ್.

"ನೋಡ್ರಿ ಅಯ್ಯನೋರೆ," ಎಂದ. ಅವನ ದನಿಯೇ ಬದಲಾಗಿತ್ತು. "ಇದಕ್ಕ ರೂಪ ಇಲ್ಲ. ಇಮಾನ ಅದ, ನಿಯತ್ತು ಅದ."

"ಇಪ್ಪತ್ತೆರಡು ವರ್ಷ ಇಟ್ಕೊಂಡೀನಿ," ಎಂದ ಹಣಮಂತರಾಯ. "ಚಿರತಿ ಮುಂದ ತಗದೀನಿ, ಕಳ್ಳರ ಮುಂದ ತಗದೀನಿ. ಒಮ್ಮೆನೂ ಒಲ್ಲೆ ಅಂದಿಲ್ಲ." ಆಮೇಲೆ ಗುರುಲಿಂಗಯ್ಯ ಯಾಕೆ ಕೊಳ್ಳುತ್ತಿದ್ದಾನೆ ಎಂದು ಕೇಳಿ ತಿಳಿದುಕೊಂಡು, ಹೇಳಿದ್ದಕ್ಕಿಂತ ಕಡಿಮೆ ಬೆಲೆಗೆ ಒಪ್ಪಿದ. "ನನ್ನ ಹೆಸರು ಉಳಸ್ರಿ," ಎಂದಷ್ಟೇ ಅಂದ.

ಕಾಗದ ಪತ್ರ, ಠಾಣೆಯ ಮುದ್ರೆ, ಎಲ್ಲ ಮುಗಿಯಲು ಮೂರು ವಾರ ಹಿಡಿಯಿತು. ಆಮೇಲೆ ಒಂದು ರವಿವಾರ ಶಹಾಬಾದದ ಆಚೆ ನೀರು ತುಂಬಿ ಬಿಟ್ಟುಹೋದ ಹಳೆಯ ಗಣಿಯಲ್ಲಿ ಮಿಸ್ತ್ರಿ ಅವನಿಗೆ ಹೊಡೆಯುವುದನ್ನು ಕಲಿಸಿದ. ಕಾಡತೂಸು ತುಟ್ಟಿ, ಸಿಗುವುದೂ ಕಷ್ಟ, ಏಳೇ ಏಳು. ಮೊದಲನೆಯದಕ್ಕೆ ಗುರುಲಿಂಗಯ್ಯ ಕಣ್ಣು ಮುಚ್ಚಿದ. ಕೊನೆಯದಕ್ಕೆ ಎದುರಿನ ಕಲ್ಲಿನ ಮೂಲೆ ಹಾರಿತು. ಏಳಕ್ಕೆ ಏಳೂ ಹೋದವು. ಗುರುಲಿಂಗಯ್ಯ ನಕ್ಕಿದ್ದನ್ನು ಮಿಸ್ತ್ರಿ ಕಂಡದ್ದು ಆವತ್ತೇ, ಆವತ್ತೊಂದೇ ದಿನ.

ಅಲ್ಲಿಂದ ಅವನು ಮಿಸ್ತ್ರಿಯನ್ನು ವಾಡಿಯ ತನ್ನ ಮನೆಗೆ ಊಟಕ್ಕೆ ಕರೆದುಕೊಂಡು ಹೋದ. ಸಿಮೆಂಟು ಕಾರ್ಖಾನೆಯ ಬೂದು ಧೂಳು ಸದಾ ಕೂತಿರುವ ಓಣಿ. ಬೆಳಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಗುರುಲಿಂಗಯ್ಯನ ಹೆಂಡತಿ ಶಿವಕಾಂತಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದಳು, ಮೇಲೆ ಕುಸುಬಿ ಎಣ್ಣೆಯ ಧಾರೆ. ಮೂವತ್ತರ ಹೆಂಗಸು, ಹೆಚ್ಚು ಮಾತಿಲ್ಲ. ಕೈ ತೊಳೆಯಲು ನೀರು ಕೊಡುವಾಗ ಒಂದೇ ಮಾತು ಕೇಳಿದಳು.

"ಅದು ಕೈಕೊಡಂಗಿಲ್ಲಲ್ರಿ, ಕಾಕಾ?"

"ಬೇಟಿ, ನಾ ಆರಿಸಿದ್ದು ಅದು. ಕೈಕೊಟ್ರ ಈ ನನ್ನ ಕೈ ಕಡದು ನಿನ್ನ ಹೊಸ್ತಿಲದಾಗ ಇಡ್ತೀನಿ."

ಅಬ್ಬಾ, ಎಂಥ ಮಾತು! ಹೇಳಿ ಮೀಸೆ ತಿರುವಿದ ಕೂಡ. ಆಮೇಲೆ ಕಿಸೆಯಿಂದ ಒಂದು ಸಣ್ಣ ಬಾಟಲಿ ತೆಗೆದು ಗುರುಲಿಂಗಯ್ಯನ ಕೈಗೆ ಕೊಟ್ಟ. ಹೊಲಿಗೆ ಯಂತ್ರದ ಎಣ್ಣೆ. "ಹದಿನೈದು ದಿನಕ್ಕೊಮ್ಮೆ ಎರಡು ಹನಿ. ಇದೊಂದೇ." ಗುರುಲಿಂಗಯ್ಯ ತಲೆಯಾಡಿಸಿ ಬಾಟಲಿಯನ್ನು ದೇವರ ಗೂಡಿನಲ್ಲಿ ಇಟ್ಟ. ಇದೊಂದೇ ಯಾಕೆ ಎಂದು ಅವನು ಕೇಳಲಿಲ್ಲ, ಮಿಸ್ತ್ರಿ ಹೇಳಲಿಲ್ಲ. ಶಿವಕಾಂತಮ್ಮ ಆಗ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ದಸರೆ ಬಂತು, ಹೋಯಿತು. ಮಹಾನವಮಿಯ ಖಂಡೇಪೂಜೆ ಆ ಸೀಮೆಯಲ್ಲಿ ಯಾವ ಮನೆಯೂ ಬಿಡುವುದಿಲ್ಲ. ಕುಡುಗೋಲು, ಕೊಡಲಿ, ತಕ್ಕಡಿ, ಒನಕೆ, ಎಲ್ಲಕ್ಕೂ ಎಣ್ಣೆ, ವಿಭೂತಿ, ಹೂವು. ನಾಲ್ಕು ದಿನ ಕಳೆದು ಗುರುಲಿಂಗಯ್ಯ ವಕೀಲರನ್ನು ಕಾಣಲು ಚಿತ್ತಾಪುರಕ್ಕೆ ಬಂದವನು ಅಂಗಡಿಗೂ ಬಂದ. ಮಿಸ್ತ್ರಿ ನಮಾಜಿಗೆ ಹೊರಟು ಟೊಪ್ಪಿಗೆ ಹುಡುಕುತ್ತಿದ್ದ.

"ಒಮ್ಮೆ ಬಿಚ್ಚಿ ನೋಡ್ತೀರೇನ್ರಿ? ಎಳೀಲಿಕ್ಕ ಜರಾ ಬಿಗಿ ಅನಸ್ತದ."

ಮಿಸ್ತ್ರಿ ಅದನ್ನು ಕೈಗೆ ತೆಗೆದುಕೊಂಡ. ಹೊಳೆಯುತ್ತಿತ್ತು. ಹಿಡಿಕೆಯ ಸಂದಿಯಲ್ಲಿ ವಿಭೂತಿ, ಬೆರಳಿಟ್ಟು ಒತ್ತುವ ಕುದುರೆಯ ಹತ್ತಿರ ಕುಂಕುಮದ ಒಂದು ಕಣ. "ಓಹೋ, ಪೂಜಿ ಜೋರಾಗ್ಯಾದ!" ಎಂದು ನಕ್ಕು, ಸ್ಲೈಡನ್ನು ಅರ್ಧ ಎಳೆದು ಬಿಟ್ಟ. ಸ್ವಲ್ಪ ನಿಧಾನಕ್ಕೆ ಕೂತಿತೇನೋ. ಕೂತಿತು. "ನಾ ಆರಿಸಿದ್ದರಿ ಇದು. ಏನೂ ಆಗಂಗಿಲ್ಲ. ನಿಮ್ಮ ಕೈಯಾಗ ಇನ್ನಾ ಬಲ ಬಂದಿಲ್ಲ, ಬರ್ತದ. ಹೋಗಿ ಬರ್ರಿ."

ಗುರುಲಿಂಗಯ್ಯ ಹೋದ. ಮಿಸ್ತ್ರಿಗೆ ಟೊಪ್ಪಿಗೆ ಸಿಕ್ಕಿತು.

ಡಿಸೆಂಬರಿನ ಮೊದಲ ವಾರ, ವಿಚಾರಣೆಗೆ ಹನ್ನೆರಡು ದಿನ ಇರುವಾಗ, ಬೆಳಗಿನ ರೈಲಿನಿಂದ ಶಹಾಬಾದದಲ್ಲಿ ಇಳಿದು ಗಣಿಯ ದಾರಿ ಹಿಡಿದಿದ್ದ ಗುರುಲಿಂಗಯ್ಯನನ್ನು ಮೂವರು ಕಡಿದು ಹಾಕಿದರು. ಬಿಸಿಲು ಏರಿರಲಿಲ್ಲ, ಚಳಿ ಇತ್ತು. ಕಂಡವಳು ಭಾಗಮ್ಮ, ಕಲ್ಲು ಹೊರುವ ಹೆಣ್ಣಾಳು. ಪೀರಪ್ಪನ ದಿನ ಏನೂ ಕಾಣಲಿಲ್ಲ ಅಂದಿದ್ದವಳು, ಈ ಸಲ ಮಾತ್ರ ಸಿಕ್ಕವರಿಗೆಲ್ಲ ಹೇಳಿಕೊಂಡು ಅತ್ತಳು. ಆದರೆ ಅವಳು ಹೇಳಿದ್ದು ಕೊಡಲಿ ಹಿಡಿದವರ ಹೆಸರನ್ನಲ್ಲ.

"ಅಯ್ಯನೋರು ಅದನ್ನ ತಗದ್ರರೀ. ಆ ಮೂರೂ ಮಂದಿ ಹೆದರಿ ನಿಂತ್ರು, ಖರೇನೇ ನಿಂತ್ರು. ಅಯ್ಯನೋರು ಎಳದ್ರು, ಮತ್ತ ಎಳದ್ರು. ತೆರೀಲಾರದ ಕೀಲಿ ಕೂಡ ಗುದ್ಯಾಡಿದಂಗ ಅದರ ಕೂಡ ಗುದ್ಯಾಡಿದ್ರು. ಅದು ಬಾಯಿ ಅರ್ಧಾ ತೆರಕೊಂಡು ಅಲ್ಲೇ ನಿಂತಿತು. ಆಮ್ಯಾಲೆ ಆ ಮಂದಿ ನಗಲಿಕತ್ರು."

ಈ ಮಾತು ಸಂಜೆಯೊಳಗೆ ಚಿತ್ತಾಪುರ ಮುಟ್ಟಿತು. ಮಿಸ್ತ್ರಿ ಮೊದಲು ನಂಬಲಿಲ್ಲ. "ಸುಳ್ಳು," ಎಂದ. "ಅಂವಗ ಎಳೀಲಿಕ್ಕ ಬಂದಿಲ್ಲ. ಅಂಜ್ಯಾನ, ಕೈ ನಡಗ್ಯಾದ. ಪಿಸ್ತೂಲಿನ ತಪ್ಪಲ್ಲ." ಚಹಾದ ಅಂಗಡಿಯಲ್ಲಿ ಹೇಳಿದ, ಮಸೀದಿಯ ಮೆಟ್ಟಿಲಲ್ಲಿ ಹೇಳಿದ. ಸತ್ತವನ ಮೇಲೆ ತಪ್ಪು ಹೊರಿಸಲು ಅವನಿಗೆ ನಾಚಿಕೆಯಾಗಲಿಲ್ಲವೇ? ಆಯಿತು. ಆದರೂ ಹೇಳಿದ. ಆ ಒಂದು ಸೊಕ್ಕು ಹೋದರೆ ತನ್ನ ಹತ್ತಿರ ಏನು ಉಳಿಯುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಹವಾಲ್ದಾರ ಹಣಮಪ್ಪ ಪಿಸ್ತೂಲು ತಂದ. ಬಿಳಿ ಬಟ್ಟೆ, ಅರಗಿನ ಮುದ್ರೆ. ಒಳಗೆ ಸಿಕ್ಕಿಕೊಂಡ ಜೀವಂತ ಗುಂಡು ತೆಗೆಯಲು ಠಾಣೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ತೆಗೆದು, ಯಾಕೆ ನಡೆಯಲಿಲ್ಲ ಅನ್ನುವುದನ್ನು ಪಂಚನಾಮೆಗೆ ಹೇಳಬೇಕು. ಹವಾಲ್ದಾರನ ಹಿಂದೆ ಶಿವಕಾಂತಮ್ಮ ಇದ್ದಳು. ಗಂಡನ ಸಾಮಾನು ಗುರುತಿಸಿ ಹೆಬ್ಬೆಟ್ಟು ಒತ್ತಲು ಕರೆಸಿದ್ದರಂತೆ. ಅವಳು ಒಳಗೆ ಬರದೆ ಹೊಸ್ತಿಲಲ್ಲೇ ನಿಂತಳು. ಮಿಸ್ತ್ರಿ ಅವಳ ಕಡೆ ನೋಡಲಿಲ್ಲ. ನೋಡುವ ಮುಖ ಎಲ್ಲಿತ್ತು?

ಮುದ್ರೆ ಒಡೆದ. ಸ್ಲೈಡು ಅರ್ಧಕ್ಕೆ ನಿಂತಿತ್ತು, ಭಾಗಮ್ಮ ಹೇಳಿದ ಹಾಗೇ. ಹೆಬ್ಬೆರಳು ಒತ್ತಿ ನೂಕಿದ. ಬರಲಿಲ್ಲ. ಸೀಮೆಎಣ್ಣೆಯ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ಕಟ್ಟಿಗೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಸರಿಯಿತು. ಗುಂಡು ಹೊರಗೆ ಬಂತು. ಆಮೇಲೆ ಬಿಚ್ಚಿ ಒಂದೊಂದೇ ಭಾಗವನ್ನು ಬೆಳಕಿಗೆ ಹಿಡಿದ.

ಸ್ಪ್ರಿಂಗು ಹೊಸದರಂತೆ ಇತ್ತು. ಮ್ಯಾಗ್ಜಿನ್ನಿನ ತುಟಿ ನೆಟ್ಟಗಿತ್ತು. ಉಕ್ಕಿನಲ್ಲಿ ಒಂದು ಕೂದಲೆಳೆಯಷ್ಟು ಬಿರುಕಿಲ್ಲ. ಆದರೆ ಸ್ಲೈಡು ಜಾರುವ ಕಾಲುವೆಗಳ ತುಂಬ ಬೆಲ್ಲದ ಪಾಕದ ಬಣ್ಣದ ಅಂಟು, ಅದರೊಳಗೆ ವಾಡಿಯ ಬೂದು ಧೂಳು ಕೂತು ಗಾರೆಯಂತಾಗಿತ್ತು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದ. ಅವನು ವಾಸನೆ ನೋಡುವ ಮೊದಲೇ ಅವನಿಗೆ ಗೊತ್ತಾಗಿತ್ತು.

ಕುಸುಬಿ ಎಣ್ಣೆ.

ಹದಿನಾರನೆಯ ವಯಸ್ಸಿನಲ್ಲಿ ಶಸ್ತ್ರಾಗಾರದ ಉಸ್ತಾದ ಅವನ ಕೆನ್ನೆಗೆ ಬಾರಿಸಿದ್ದು ಇದೇ ಎಣ್ಣೆಗೆ. ಮನೆಯಲ್ಲಿ ದೀಪಕ್ಕೂ ತಲೆಗೂ ಬಾಗಿಲ ಕೀಲಿಗೂ ಹಾಕುವ ಎಣ್ಣೆಯಲ್ಲವೇ ಎಂದು ಬಂದೂಕಿಗೂ ಹಚ್ಚಿದ್ದ. ಈ ಎಣ್ಣೆ ಮೊದಲು ಹೊಳೆಯುತ್ತದೆ, ಆಮೇಲೆ ಒಣಗಿ ಸರೇಸಿನಂಥ ಅಂಟಾಗುತ್ತದೆ, ಚಳಿ ಬಿದ್ದರೆ ಕಲ್ಲಾಗುತ್ತದೆ, ಕುಡುಗೋಲಿಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ ಎಂದು ಉಸ್ತಾದ ಹೇಳಿದ್ದ. ಆ ಏಟು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಅದು ಬೇರೆಯವರಿಗೆ ಗೊತ್ತಿಲ್ಲದಿರಬಹುದು ಅನ್ನುವುದೇ ಅವನಿಗೆ ಹೊಳೆದಿರಲಿಲ್ಲ.

"ಕಾಕಾ," ಎಂದಳು ಶಿವಕಾಂತಮ್ಮ.

ತಲೆ ಎತ್ತಿದ. ಅವಳು ಸೆರಗಿನ ಗಂಟಿನಿಂದ ಒಂದು ಬಾಟಲಿ ತೆಗೆದು ಮೇಜಿನ ತುದಿಗೆ ಇಟ್ಟಳು. ಅವನದೇ ಬಾಟಲಿ. ಮುಚ್ಚಳದ ಮೇಲಿನ ಮೇಣ ಕೂಡ ಒಡೆದಿರಲಿಲ್ಲ.

"ಇದರ ವಾಸನಿ ದೇವರಿಗೆ ಆಗಿಬರಂಗಿಲ್ಲ ಅನಿಸ್ತು ನನಗ. ಖಂಡೇಪೂಜಿ ದಿನ ಗಾಣದಿಂದ ಹೊಸಾ ಕುಸುಬಿ ಎಣ್ಣಿ ತರಿಸಿ, ಅದಕ್ಕ ತಲಿಗೆ ಎರದಂಗ ಎರದೆ. ಆಮ್ಯಾಲೆ ಪ್ರತಿ ಸೋಮವಾರ ಒಂದೀಟು. ನನ್ನ ಗಂಡನ್ನ ಕಾಯಿ ಅಂತ ಹೇಳ್ಕೋತ ಹಚ್ಚೀನಿ. ಅವರಿಗೂ ಗೊತ್ತಿಲ್ಲ, ಎಣ್ಣಿ ಹಚ್ಚೋದು ನನಗೇ ಬಿಟ್ಟಿದ್ರು, ಇದನ್ನೇ ಹಚ್ತೀನಿ ಅಂತ ತಿಳದಿದ್ರು." ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಓಣ್ಯಾಗ ಯಾರೋ ಅಂದ್ರು, ಎಣ್ಣಿ ಹೆಚ್ಚಾಗಿ ಸಿಕ್ಕೊಂಡಿರಬೇಕು ಅಂತ. ಒಂಬತ್ತು ದಿನ ಆತು, ಕಣ್ಣು ಮುಚ್ಚಿಲ್ಲ. ಖರೇ ಹೇಳ್ರಿ ಕಾಕಾ. ನನ್ನಿಂದ ಆತೇನ್ರಿ?"

ಹವಾಲ್ದಾರ ಮಂಡಿಯ ಮೇಲೆ ಕಾಗದ ಇಟ್ಟುಕೊಂಡು, ಪೆನ್ನಿನ ಟೊಪ್ಪಿ ಬಾಯಲ್ಲಿ ಕಚ್ಚಿಕೊಂಡು ಕಾಯುತ್ತಿದ್ದ. "ಏನಂತ ಬರೀಲಿ, ಮಿಸ್ತ್ರಿ?"

ಹೌದು ಅಂದಿದ್ದರೆ ಇಪ್ಪತ್ತೈದು ವರ್ಷದ ಹೆಸರು ಉಳಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅದು ನಾಲಿಗೆಯ ತುದಿಗೆ ಬಂದಿತ್ತು ಕೂಡ, ಯಾಕೆ ಮುಚ್ಚಿಡಬೇಕು. ಆದರೆ ಆ ನಾಲ್ಕು ತಿಂಗಳಲ್ಲಿ ಆಡಿದ ಇನ್ನೊಂದು ಮಾತೂ ಅಲ್ಲೇ ಇತ್ತು: ನಾ ಆರಿಸಿದ್ದರಿ ಇದು, ಏನೂ ಆಗಂಗಿಲ್ಲ, ಹೋಗಿ ಬರ್ರಿ. ಬಿಗಿ ಅನಸ್ತದ ಅಂತ ಗುರುಲಿಂಗಯ್ಯ ಹೇಳಿದ್ದ. ಕೈಗೆ ಕೊಟ್ಟಿದ್ದ. ಎರಡು ನಿಮಿಷ ಸಾಕಿತ್ತು ಬಿಚ್ಚಲು. ಎರಡು ನಿಮಿಷ! ನಮಾಜಿಗೆ ಹೊತ್ತಾಗಿತ್ತು ಅಂತ ದೇವರ ಮೇಲೆ ಹಾಕುವ ಹಾಗೂ ಇರಲಿಲ್ಲ. ಅವನು ಬಿಚ್ಚದಿದ್ದದ್ದು ನಮಾಜಿಗಲ್ಲ.

ಮಿಸ್ತ್ರಿ ಅಂಟು ಹತ್ತಿದ ಬೆರಳನ್ನು ಮೇಜಿನ ಕೆಳಗೆ ಬಟ್ಟೆಗೆ ಒರೆಸಿಕೊಂಡ.

"ಎಣ್ಣಿಂದ ಏನೂ ಆಗಿಲ್ಲ, ಬೇಟಿ," ಎಂದ. "ಎಣ್ಣಿ ಎಣ್ಣೀನೇ. ಸ್ಪ್ರಿಂಗು ಹಳೇದಿತ್ತು, ಒಳಗ ಸೋತಿತ್ತು. ನನ್ನ ಕಣ್ಣಿಗೆ ಕಾಣಲಿಲ್ಲ. ಬರಕೋ ಹಣಮಪ್ಪ. ಪಿಸ್ತೂಲೇ ಖರಾಬು. ಆರಿಸಿದಾಂವನ ತಪ್ಪು."

ಪೆನ್ನು ಕಾಗದದ ಮೇಲೆ ಕೆರೆಯಿತು.

ಶಿವಕಾಂತಮ್ಮ ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಒಂಬತ್ತು ದಿನ ಒಳಗೇ ಸುಟ್ಟದ್ದೆಲ್ಲ ಹೊರಗೆ ಬಂತು. "ನಿನ್ನ ಕೈ ಸೇದಿಹೋಗ್ಲಿ!" ಎಂದು ಚೀರಿದಳು. "ನಿನ್ನ ನಂಬಿ ಹೋದ್ರಲ್ಲೋ, ನಿನ್ನ ಮಾತು ನಂಬಿ! ಕೈ ಕಡದು ಕೊಡ್ತೀನಿ ಅಂದಿದ್ದೆಲ್ಲೋ, ಕೊಡು! ಕೊಡೋ ಈಗ!" ಅರ್ಜಿ ಬರೆಯುವವರು ಎದ್ದು ನಿಂತರು. ಕೋರ್ಟಿನ ಕಟ್ಟೆಯ ಮಂದಿ ಇತ್ತ ತಿರುಗಿದರು. ಅವಳು ಮಣ್ಣು ಬಾಚಿ ಅಂಗಡಿಯೊಳಗೆ ತೂರಿದಳು. ಮಿಸ್ತ್ರಿ ಎರಡೂ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೇ ಇದ್ದ. ಅವಳು ಬೈಯುತ್ತಿದ್ದಳು, ಆದರೆ ಅವಳ ಬೆನ್ನು ನೆಟ್ಟಗಾಗಿತ್ತು. ಬಂದಾಗ ಹಾಗೆ ಇರಲಿಲ್ಲ. ಅದೊಂದನ್ನು ಅವನು ಕಂಡ. ಕಂಡು ಸಮಾಧಾನ ಆಯಿತೇ ಅಂದರೆ, ಇಲ್ಲ, ಆಗಲಿಲ್ಲ.

ಪೀರಪ್ಪನ ಕೇಸು ಸಾಕ್ಷಿ ಇಲ್ಲದೆ ಎರಡೇ ದಿನದಲ್ಲಿ ಮುಗಿಯಿತು. ಗುತ್ತೇದಾರನ ಮಂದಿ ಹೂವಿನ ಹಾರ ಹಾಕಿಕೊಂಡು ಬಂದರು. ಗಣಿ ಮತ್ತೆ ಶುರುವಾಯಿತು.

ಮಿಸ್ತ್ರಿಯ ಚೌಕಟ್ಟಿನಿಂದ ಬಂದೂಕುಗಳು ಒಂದೊಂದಾಗಿ ಇಳಿದುಹೋದವು. ಯಾರೂ ಜಗಳ ಆಡಲಿಲ್ಲ. "ಗುಲಬರ್ಗಾದಾಗ ತೋರಸ್ತೀವಿ," ಎಂದು ನೆಲ ನೋಡಿಕೊಂಡು ಒಯ್ದರು. ಚಿಂಚೋಳಿಯಿಂದ ಹಣಮಂತರಾಯ, ಆ ಕಣ್ಣು ಕಾಣದ ಮುದುಕ, ಬಸ್ಸು ಬದಲಿಸಿಕೊಂಡು ಒಬ್ಬನೇ ಬಂದ. ಮೆಟ್ಟಿಲು ಹತ್ತಲಿಲ್ಲ. ಕೋಲು ಎತ್ತಿ ಅರದ ಸದ್ದು ಬಂದ ಕಡೆ ತೋರಿಸಿ, "ನನ್ನ ಪಿಸ್ತೂಲು ಖರಾಬು ಅಂತ ಬರಸಿದ್ಯಾ? ನೀನೇ ಇಮಾನ ಅದ ಅಂದಿದ್ದೆಲ್ಲೋ," ಎಂದ. ಮುದುಕ ಬಹಳ ಹೊತ್ತು ಉತ್ತರಕ್ಕೆ ನಿಂತಿದ್ದು ಹೋದ.

ಮುಂದಿನ ವರ್ಷ ಭಾದ್ರಪದದ ಹೊತ್ತಿಗೆ ಚೌಕಟ್ಟಿನಲ್ಲಿ ಉಳಿದದ್ದು ಒಂದೇ ಬಂದೂಕು. ಸೇಡಂ ಕಡೆಯ ಕಾಶಪ್ಪ ಎಂಬ ರೈತನದು. ಹಂದಿ ಕಾಯಲು ರಾತ್ರಿ ಹೊಲದಲ್ಲಿ ಮಲಗುವವನು. ಅವನೂ ಒಯ್ಯಲು ಬಂದ. ಕೊಡುವ ಮೊದಲು ಮಿಸ್ತ್ರಿ ಅಭ್ಯಾಸಬಲದಿಂದ ಅದರ ಕುದುರೆಯ ಸಂದಿಗೆ ಬಟ್ಟೆ ಹಾಕಿ ಒರೆಸಿದ. ಬಟ್ಟೆಗೆ ಅದೇ ಬೆಲ್ಲದ ಬಣ್ಣ ಹತ್ತಿತು.

ಅವನ ಕೈ ನಿಂತಿತು. "ಕಾಶಪ್ಪ, ಮಹಾನವಮಿ ಬರ್ಲಿಕತ್ತದ. ಇದಕ್ಕ ಕುಸುಬಿ ಎಣ್ಣಿ ಹಚ್ಚಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ, ಹಚ್ಚಬ್ಯಾಡ. ಅದು ಒಳಗ ಅಂಟಾಗ್ತದ, ಥಂಡ್ಯಾಗ ಹಿಡಕೊಂಡು ಬಿಡ್ತದ. ಮಷೀನಿನ ಎಣ್ಣಿ ಹಚ್ಚು. ನಿನ್ನ ಮನ್ಯಾಗ ಹೆಣ್ಮಕ್ಕಳಿಗೂ ಹೇಳು." ಹೇಳುತ್ತ ಹೇಳುತ್ತ ಮೇಜಿನ ತುದಿಯಲ್ಲಿ ಒಂಬತ್ತು ತಿಂಗಳಿಂದ ಮುಚ್ಚಿದ್ದ ಆ ಬಾಟಲಿಯನ್ನು ಅವನ ಕಡೆ ಸರಿಸಿದ.

ಕಾಶಪ್ಪ ಒಳ್ಳೆಯ ಮನುಷ್ಯ. ಮುದುಕನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಬಾಟಲಿಯನ್ನು ನೋಡಿದ, ಮುಟ್ಟಲಿಲ್ಲ.

"ಅಯ್ಯನೋರ ಪಿಸ್ತೂಲಿಗೆ ಯಾವ ಎಣ್ಣಿ ಕೊಟ್ಟಿದ್ದಿ, ಮಿಸ್ತ್ರಿ?" ಎಂದು ಮೆಲ್ಲಗೆ ಕೇಳಿದ.

ಮಿಸ್ತ್ರಿಗೆ ವಾಡಿಯ ಆ ಓಣಿ, ಕಟ್ಟೆಯ ಮೇಲಿನ ಧೂಳು, ಅಲ್ಲಿ ಈಗ ಒಬ್ಬಳೇ ರೊಟ್ಟಿ ಬಡಿಯುವವಳು ಕಣ್ಣ ಮುಂದೆ ಬಂದಂತಾಯಿತು. ನಿಜ ಹೇಳಿದರೆ ಮಾತು ಸಂಜೆಯೊಳಗೆ ಅಲ್ಲಿಗೂ ಮುಟ್ಟುತ್ತಿತ್ತು.

"ಇದನ್ನೇ," ಎಂದ.

ಕಾಶಪ್ಪ ತಲೆಯಾಡಿಸಿ, ಬಂದೂಕು ಹೆಗಲಿಗೆ ಹಾಕಿಕೊಂಡು ಸೇಡಂ ಬಸ್ಸಿಗೆ ಹೋದ. ದಾರಿಯಲ್ಲಿ ಗಾಣದವನ ಹತ್ತಿರ ನಿಂತು, ಹಬ್ಬ ಹತ್ತಿರ ಬಂತು ಅಂತ, ಒಂದು ಸೇರು ಕುಸುಬಿ ಎಣ್ಣೆ ಹಾಕಿಸಿಕೊಂಡ.